ಸೊಲ್ಲಿಗೆ ಬಿಟ್ಟ ಜಾಗ

ಜನಪದ ಹಾಡಿಗೆ ಡ್ರಮ್ಮು, ಕೀಬೋರ್ಡು, ಬಣ್ಣದ ಲೈಟು ಎಲ್ಲ ಸೇರಿಸಿ, ನಾಲ್ಕು ಜನರನ್ನು ಕುಣಿಸಿ, ಅದನ್ನು ವಿಡಿಯೋ ತೆಗೆದವರಲ್ಲಿ ಈ ನಾಡಿನಲ್ಲಿ ಮೊಟ್ಟಮೊದಲಿಗರು ಯಾರು? ಈ ಪ್ರಶ್ನೆಯನ್ನು ಇದುವರೆಗೆ ಯಾರೂ ನನ್ನನ್ನು ಕೇಳಿಲ್ಲ. ಕೇಳದಿದ್ದರೇನಂತೆ, ಉತ್ತರ ನನ್ನ ಹತ್ತಿರ ಸಿದ್ಧವಾಗಿದೆ. ಗುಬ್ಬಿಯಲ್ಲಿದ್ದ ನಮ್ಮ ಅತ್ತೆ! ಸಾಕ್ಷಿ ಬೇಕೆಂದರೆ ಆ ವಿಡಿಯೋದಲ್ಲಿ ಹಸಿರು ಲಂಗ ತೊಟ್ಟು, ಎಲ್ಲರೂ ಬಲಕ್ಕೆ ತಿರುಗಿದಾಗ ತಾನೊಬ್ಬಳೇ ಎಡಕ್ಕೆ ತಿರುಗಿದ ಹುಡುಗಿ ಇದ್ದಾಳಲ್ಲ, ಅವಳೇ ನಾನು.

ಈಗ ನಮ್ಮ ಮನೆಯ ಮಕ್ಕಳು ಇಂಥ ವಿಡಿಯೋಗಳನ್ನು ಫೋನಿನಲ್ಲಿ ನೋಡುತ್ತಾ ಕೂತಿರುತ್ತಾರೆ. ಅಜ್ಜಿಯರ ಕಾಲದ ಹಾಡು, ಹಿಂದೆ ಢಂ ಢಂ ಬಡಿತ, ಕಪ್ಪು ಕನ್ನಡಕ ಹಾಕಿಕೊಂಡು ರಾಗಿ ಹೊಲದಲ್ಲಿ ನೆಗೆಯುವ ಹುಡುಗರು. ಎಷ್ಟು ಚೆನ್ನಾಗಿದೆ ನೋಡಿ ಎಂದು ನನ್ನ ಮುಖಕ್ಕೆ ಫೋನು ಹಿಡಿಯುತ್ತಾರೆ. ಕಪ್ಪು ಕನ್ನಡಕ ನಮ್ಮತ್ತೆ ಆಗಲೇ ಹಾಕಿಯಾಗಿತ್ತು ಎಂದರೆ ನಗುತ್ತಾರೆ. ನಗಲಿ. ಆದರೆ ಇವರ ಹಾಡಿನಲ್ಲಿ ಒಂದು ಕೊರತೆಯಿದೆ. ಉಸಿರಾಡಲೂ ಜಾಗವಿಲ್ಲದಂತೆ ಮೊದಲಿಂದ ಕೊನೆಯವರೆಗೆ ತುಂಬಿಬಿಟ್ಟಿರುತ್ತಾರೆ. ನಮ್ಮತ್ತೆ ಜಾಗ ಬಿಟ್ಟಿದ್ದರು. ಆ ಜಾಗದ ಕಥೆಯನ್ನೇ ನಾನೀಗ ಹೇಳಹೊರಟಿರುವುದು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಗುಬ್ಬಿಗೆ ಕೊಟ್ಟಿದ್ದರು. ತೆಂಗಿನ ತೋಟ, ಎರಡು ಹಸು, ಮಾತಾಡದ ಗಂಡ, ಇಷ್ಟು ಅವರ ಸಂಸಾರ. ಮಾವ ಹುಟ್ಟಾ ಮೌನಿಯೇನೂ ಅಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದರು. ಮದುವೆಯಾದ ಮೇಲೆ ಮಾತಾಡಲು ಅವರಿಗೆ ಸಂದರ್ಭ ಒದಗಿ ಬಂದಿರಲಿಲ್ಲ, ಅಷ್ಟೇ. ಅತ್ತೆ ಹಸು ಕರೆದರೂ ಹಾಡು, ಕೊಬ್ಬರಿ ಒಡೆದರೂ ಹಾಡು, ಬೈದರೂ ಅರ್ಧ ಹಾಡು. ಆದರೆ ಅವರ ನಿಜವಾದ ಆಸ್ತಿ ಸೋಬಾನೆ ಪದ. ಮದುವೆಯ ಶಾಸ್ತ್ರಗಳಿಗೆ ಹೆಂಗಸರು ಹಾಡುತ್ತಾರಲ್ಲ, ಅದು.

ಸೋಬಾನೆ ಒಬ್ಬರು ಹಾಡುವ ಹಾಡಲ್ಲ. ಒಬ್ಬರು ಸಾಲು ಎತ್ತಿಕೊಡಬೇಕು, ಜೊತೆಯವರು ಅದೇ ಸಾಲನ್ನು ತಿರುಗಿ ಹೇಳಬೇಕು. ಹಾಗೆ ತಿರುಗಿ ಹೇಳುವುದಕ್ಕೆ ನಮ್ಮ ಮನೆಯಲ್ಲಿ ಸೊಲ್ಲು ಹಿಡಿಯುವುದು ಎನ್ನುತ್ತಿದ್ದರು. ಅಷ್ಟು ಹೊತ್ತಿನಲ್ಲಿ ಎತ್ತಿಕೊಟ್ಟವರಿಗೆ ಉಸಿರು ತಿರುಗುತ್ತದೆ, ಮುಂದಿನ ಸಾಲು ನಾಲಗೆಗೆ ಬರುತ್ತದೆ. ಸೊಲ್ಲು ಬರದೆ ಮುಂದಿನ ಸಾಲಿಗೆ ಹೋಗುವಂತಿಲ್ಲ. ಇದನ್ನು ಬೇರೆಯವರು ಪದ್ಧತಿ ಎಂದುಕೊಂಡಿದ್ದರೆ ನಮ್ಮತ್ತೆ ಕಾನೂನು ಎಂದುಕೊಂಡಿದ್ದರು. ತುಮಕೂರಿನ ಬಸ್ಸಿನಲ್ಲಿ ಕೂತು ಒಂದು ಸಾಲು ಹಾಡಿ, ಪಕ್ಕದ ಸೀಟಿನವರ ಮುಖವನ್ನೇ ದಿಟ್ಟಿಸಿ ನೋಡುವರು. ಪಾಪ, ಅವರು ಟಿಕೆಟ್ಟು ತೋರಿಸುವರು! ಒಮ್ಮೆ ಗಂಟಲು ನೋವೆಂದು ಡಾಕ್ಟರ ಹತ್ತಿರ ಹೋದಾಗ ಅವರು ಬಾಯಿಗೆ ಟಾರ್ಚು ಬಿಟ್ಟು ಆ ಅನ್ನಿ ಎಂದರು. ಅತ್ತೆ ಆ ಎಂದು ಶುರುಮಾಡಿ, ಅದನ್ನೇ ಎಳೆದು ಒಂದು ಸಾಲು ಮಾಡಿ, ಬಾಯಿ ಮುಚ್ಚಿಕೊಂಡು ಡಾಕ್ಟರನ್ನು ನೋಡುತ್ತಾ ಕುಳಿತರು. ಕೊನೆಗೆ ಒಳಗೆ ಔಷಧಿ ಬೆರೆಸುತ್ತಿದ್ದ ಕಾಂಪೌಂಡರು ಸೊಲ್ಲು ಹಿಡಿದ. ಅವನೂ ಗುಬ್ಬಿಯವನೇ!

ಆದರೆ ಕಂಡಕಂಡವರಿಂದ ಸೊಲ್ಲು ಬೇಡುವ ಗತಿ ಅತ್ತೆಗೆ ಮೊದಲಿಂದ ಇದ್ದದ್ದಲ್ಲ. ಒಂದು ಕಾಲದಲ್ಲಿ ಅವರಿಗೆ ಸರಿಸಾಟಿ ಜೊತೆಯಿತ್ತು. ಅದು ಅವರ ಓರಗಿತ್ತಿ, ಮಾವನ ತಮ್ಮನ ಹೆಂಡತಿ. ನಾವು ಚಿಕ್ಕತ್ತೆ ಎಂದು ಕರೆಯುತ್ತಿದ್ದೆವು. ಸಣ್ಣ ಮೈಯಿ, ಸಣ್ಣ ದನಿ, ಮಾತಾಡಿದರೆ ಪಕ್ಕದಲ್ಲಿದ್ದವರೂ ಏನಂದಿರಿ ಎಂದು ಎರಡನೇ ಸಲ ಕೇಳಬೇಕಾಗುವಂಥವರು. ಆದರೆ ಅತ್ತೆ ಸಾಲು ಎತ್ತಿಕೊಟ್ಟು ಬಿಟ್ಟರೆ ಅದು ನೆಲಕ್ಕೆ ಬೀಳುವ ಮೊದಲೇ ಚಿಕ್ಕತ್ತೆ ಹಿಡಿದಿರುವರು. ಎಪ್ಪತ್ತರ ದಶಕದಲ್ಲಿ ಹೆಬ್ಬೂರಿನಿಂದ ಹುಲಿಯೂರುದುರ್ಗದವರೆಗೆ ನೆಂಟರಿಷ್ಟರ ಮದುವೆಗಳಲ್ಲಿ ಈ ಜೋಡಿ ಬರದೆ ಹೆಣ್ಣನ್ನು ಹಸೆಮಣೆಗೆ ಕರೆಯುತ್ತಿರಲಿಲ್ಲ. ಲಗ್ನಪತ್ರಿಕೆಯಲ್ಲಿ ಹೆಸರು ಹಾಕಿಲ್ಲವೆಂದು ಮುನಿಸಿಕೊಳ್ಳುವ ಭಾವನೆಂಟರಿಗಿಂತ ಇವರಿಬ್ಬರಿಗೇ ಮರ್ಯಾದೆ ಜಾಸ್ತಿ.

ಈ ಜೋಡಿಯನ್ನು ಮುರಿದಿದ್ದು ಒಂದು ಮೈಕು. ಕುಣಿಗಲ್ಲಿನ ಒಂದು ಮದುವೆಗೆ ಮೈಕ್‌ಸೆಟ್ ಹಾಕಿಸಿದ್ದರು. ಹುಣಸೆ ಮರಕ್ಕೆ ಕಟ್ಟಿದ ಲೌಡ್‌ಸ್ಪೀಕರು ಬೀದಿಯ ಕಡೆಗೆ ಮುಖ ಮಾಡಿತ್ತು. ಸೋಬಾನೆಯ ಹೊತ್ತಿಗೆ ಯಾರೋ ಮೈಕನ್ನು ತಂದು ಹೆಂಗಸರ ನಡುವೆ ಇಟ್ಟರು. ನಡುವೆ ಇಟ್ಟಿದ್ದನ್ನು ಅತ್ತೆ ಎತ್ತಿಕೊಂಡು ಎದೆಗವುಚಿಕೊಂಡರು. ಜೀವನದಲ್ಲಿ ಮೊದಲ ಸಲ ತಮ್ಮ ದನಿ ಮರದ ಮೇಲಿಂದ ಕೇಳಿದ ಸಂಭ್ರಮ, ಕೈಬಿಡಲು ಮನಸ್ಸೇ ಬರಲಿಲ್ಲ. ಹೀಗಾಗಿ ಬೀದಿಯಲ್ಲಿದ್ದವರಿಗೆ ಕೇಳಿದ್ದು ಇಷ್ಟು. ಅತ್ತೆಯ ಒಂದು ಸಾಲು, ಆಮೇಲೆ ಏನೂ ಇಲ್ಲ, ಮತ್ತೆ ಅತ್ತೆಯ ಸಾಲು. ಊಟದ ಪಂಕ್ತಿಯಲ್ಲಿ ಯಾರೋ ನೆಂಟರು ಚಿಕ್ಕತ್ತೆಯನ್ನು, ಇವತ್ತು ನೀನು ಹಾಡಲೇ ಇಲ್ಲವಲ್ಲ, ಗಂಟಲು ಸರಿ ಇಲ್ಲವೇ ಎಂದು ವಿಚಾರಿಸಿದರು. ಚಿಕ್ಕತ್ತೆ ಅಲ್ಲಿಯವರೆಗೆ ಊಟದ ಎಲೆ ಬಿಟ್ಟು ಎದ್ದವರಲ್ಲ. ಅವತ್ತು ಎದ್ದರು.

ಸಂಜೆ ಶಾಸ್ತ್ರಕ್ಕೆ ಮತ್ತೆ ಹಾಡಬೇಕಾಗಿ ಬಂದಾಗ ಚಿಕ್ಕತ್ತೆ ಬಂದು ಕೇಳಿದರು. "ಅಕ್ಕಯ್ಯ, ಇದೊಂದು ಪದ ನಾನು ಎತ್ಕೊಡ್ತೀನಿ. ನೀವು ಸೊಲ್ಲು ಹಿಡೀರಿ."

ಅತ್ತೆ ಸುಮ್ಮನೆ ಹೂಂ ಎಂದಿದ್ದರೆ ನನಗೆ ಈ ಕಥೆ ಬರೆಯುವ ಕೆಲಸ ತಪ್ಪುತ್ತಿತ್ತು. ಅವರು ಮೈಕು ಹಿಡಿದ ಕೈಯಲ್ಲೇ ಹೇಳಿದರು. "ನಾನು ಸೊಲ್ಲು ಹಿಡಿಯೋದಾ? ಹುಟ್ಟಿದಾಗಿಂದ ಹಿಡಿದಿಲ್ಲ ಕಣೇ."

ಮೈಕು ಆರಿಸಿರಲಿಲ್ಲ. ಬೀದಿಗೆಲ್ಲ ಕೇಳಿತು.

"ಹಂಗಾದ್ರೆ ನಿಮ್ಮ ಪದಕ್ಕೆ ನೀವೇ ಸೊಲ್ಲು ಹಿಡ್ಕಳಿ" ಎಂದರು ಚಿಕ್ಕತ್ತೆ. ಎಷ್ಟು ಮೆಲ್ಲಗೆ ಎಂದರೆ ಅದು ಮೈಕಿಗೂ ಸಿಕ್ಕಲಿಲ್ಲ. ಅಷ್ಟೇ. ಸ್ವಲ್ಪ ದಿನಕ್ಕೆ ಚಿಕ್ಕ ಮಾವ ಯಡಿಯೂರಿನಲ್ಲಿ ಹಣ್ಣುಕಾಯಿ ಅಂಗಡಿ ಇಟ್ಟು ಸಂಸಾರವನ್ನು ಅಲ್ಲಿಗೆ ಸಾಗಿಸಿದರು. ಅಣ್ಣ ತಮ್ಮಂದಿರು ಓಡಾಡಿಕೊಂಡೇ ಇದ್ದರು. ಇವರಿಬ್ಬರ ನಡುವೆ ಮಾತು ನಿಂತುಹೋಯಿತು. ಅತ್ತೆಗೆ ಆಮೇಲೆ ಯಾರ ಸೊಲ್ಲೂ ಹಿಡಿಸಲಿಲ್ಲ. ಒಬ್ಬಳು ಬೇಗ, ಇನ್ನೊಬ್ಬಳು ತಡ, ಮತ್ತೊಬ್ಬಳ ದನಿ ಸೀಳು. ಹೋಗಿ ಮಾತಾಡಿಸಿ ಬನ್ನಿ ಎಂದು ನನ್ನ ಅಮ್ಮ ಎಷ್ಟೋ ಸಲ ಹೇಳಿದರು. ದೊಡ್ಡವಳು ನಾನು, ನಾನು ಹೋಗುವುದೇ ಎಂದು ಅತ್ತೆ ಕೇಳುವರು. ಕೇಳಿ, ಯಡಿಯೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಅದೇ ಉಸಿರಿನಲ್ಲಿ ವಿಚಾರಿಸುವರು. ಹತ್ತುತ್ತಿರಲಿಲ್ಲ.

ಹೀಗಿರುವಾಗ ಎಂಬತ್ತರ ದಶಕ ಬಂತು. ಅದರ ಜೊತೆಗೆ ಮನೆಮನೆಗೆ ಟೀವಿ ಬಂತು, ಮದುವೆಮನೆಗೆ ವಿಡಿಯೋದವನು ಬಂದ. ತುಮಕೂರಿನ ಛತ್ರವೊಂದರಲ್ಲಿ ನಮ್ಮ ನೆಂಟರ ಮದುವೆ. ಆಗ ನಾನು ಅಲ್ಲೇ ಕಾಲೇಜಿನಲ್ಲಿ ಓದುತ್ತಿದ್ದೆ. ವಿಡಿಯೋದವನು ಫೋಕಸ್ ಲೈಟು ಬಿಟ್ಟ ತಕ್ಷಣ ಅದುವರೆಗೆ ಚೆನ್ನಾಗಿದ್ದ ಜನರೆಲ್ಲ ಕಲ್ಲಾಗಿ ಕೂರುತ್ತಿದ್ದ ಕಾಲ ಅದು. ಅತ್ತೆ ಮಾತ್ರ ಲೈಟಿನ ಕಡೆಗೇ ತಿರುಗಿ ಹಸೆಗೆ ಕರೆಯುವ ಪದವನ್ನು ಪೂರ್ತಿ ಹಾಡಿದರು. ತಿಂಗಳು ಕಳೆದು ಕ್ಯಾಸೆಟ್ಟು ಬಂತು. ವಿ.ಸಿ.ಆರ್ ಬಾಡಿಗೆಗೆ ತಂದು ಎಲ್ಲರೂ ಕುಳಿತೆವು. ಅತ್ತೆ ತೆರೆಯ ಮೇಲೆ ಬಂದರು, ಬಾಯಿ ತೆರೆದರು. ಅವರ ಬಾಯಿಂದ ಯಾವುದೋ ಹಿಂದಿ ಸಿನಿಮಾದ ಗಂಡಸಿನ ಹಾಡು ಹೊರಟಿತು! ವಿಡಿಯೋದವನು ಮದುವೆ ಪೂರ್ತಿ ಅಸಲಿ ಶಬ್ದ ತೆಗೆದುಹಾಕಿ ತನಗಿಷ್ಟವಾದ ಹಾಡುಗಳನ್ನು ತುಂಬಿಸಿದ್ದ. ನಾವು ಮಕ್ಕಳು ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕೆವು. ಮಾವ ಕೂಡ ನಕ್ಕರು. ಅವರ ನಗು ಹೇಗಿರುತ್ತದೆಂದು ನನಗೆ ಗೊತ್ತಾಗಿದ್ದೇ ಅವತ್ತು.

ಅತ್ತೆ ನಗಲಿಲ್ಲ. ಮಾರನೆಯ ದಿನ ಛತ್ರಿ ಹಿಡಿದುಕೊಂಡು ತುಮಕೂರಿನ ಅವನ ಸ್ಟುಡಿಯೋಗೆ ಹೋದರು. ಜೊತೆಗೆ ನಾನಿದ್ದೆ. ತಮ್ಮ ಬಾಯಲ್ಲಿ ಕೂರಿಸಿದ ಆ ಗಂಡಸು ಯಾರು, ಅವನು ಯಾವೂರಿನವನು, ಅವನ ಬಾಯಲ್ಲಿ ತಮ್ಮ ಪದ ಹಾಡಿಸಲು ಆಗುತ್ತದೆಯೇ ಎಂದು ಕೇಳಿದರು. ವಿಡಿಯೋದವನು ಇಪ್ಪತ್ತೈದರ ಹುಡುಗ, ಹೆದರಿಹೋದ. ಈಗಿನ ಕಾಲದಲ್ಲಿ ಸೋಬಾನೆ ಯಾರಿಗಮ್ಮಾ ಬೇಕು, ಎಲ್ಲರೂ ಕೇಳುವುದು ಡಿಸ್ಕೋ ಎಂದ. ಅತ್ತೆ ಅವನನ್ನು ಬಯ್ಯಬಹುದೆಂದು ನಾನು ಕಾದೆ. ಅವರು ಸ್ಟೂಲು ಎಳೆದುಕೊಂಡು ಕುಳಿತು, ಡಿಸ್ಕೋ ಎಂದರೆ ಹೇಗಿರುತ್ತದೆ, ಸ್ವಲ್ಪ ಹಾಕು ಎಂದರು. ಅವನು ಹಾಕಿದ. ಅತ್ತೆ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ ಪೂರ್ತಿ ಕೇಳಿದರು.

"ಇದಕ್ಕೆ ನಮ್ಮ ಪದ ಕೂರುತ್ತೆ ಕಣಯ್ಯ" ಎಂದರು. "ಯಾವತ್ತು ಬತ್ತೀಯ ಗುಬ್ಬಿಗೆ?"

ನಾನು ಹೆಮ್ಮೆಪಡುವುದು ಇಲ್ಲೇ. ಅವರ ವಯಸ್ಸಿನವರು ಹೊಸದು ಕಂಡರೆ ಮೂಗು ಮುರಿಯುತ್ತಿದ್ದರು, ನಮ್ಮ ವಯಸ್ಸಿನವರು ಹಳೆಯದು ಕಂಡರೆ ಮೂಗು ಮುರಿಯುತ್ತಿದ್ದೆವು. ಅತ್ತೆ ಮೂಗುಬೊಟ್ಟು ಸರಿಮಾಡಿಕೊಂಡರೇ ಹೊರತು ಮೂಗು ಮುರಿಯಲಿಲ್ಲ. ಆ ವರ್ಷದ ಕೊಬ್ಬರಿಯನ್ನು ಮಾರಿ ವಿಡಿಯೋ ತೆಗೆಸುವುದೆಂದು ತೀರ್ಮಾನವಾಯಿತು. ಮಾವನ ಒಪ್ಪಿಗೆ ಕೇಳಿದರು. ಮಾವ ಏನೂ ಹೇಳಲಿಲ್ಲವಾದ್ದರಿಂದ ಒಪ್ಪಿದರು.

ಗುಬ್ಬಿಯ ತೋಟದಲ್ಲಿ ಮೊದಲ ದಿನದ ಶೂಟಿಂಗು. ಪಕ್ಕದ ಬೀದಿಯ ಆರ್ಕೆಸ್ಟ್ರಾ ಹುಡುಗರು ಮಿರಮಿರ ಮಿಂಚುವ ಅಂಗಿಗಳಲ್ಲಿ ಬಂದಿದ್ದರು. ಕೀಬೋರ್ಡಿನವನೇ ಡ್ಯಾನ್ಸ್ ಮೇಷ್ಟರೂ ಆಗಿದ್ದ. ಹುಡುಗಿಯರಾದ ನಮಗೆ ಒಂದು ಕೈ ಸೊಂಟದ ಮೇಲಿಟ್ಟು ಇನ್ನೊಂದು ಕೈ ಆಕಾಶಕ್ಕೆ ತೋರಿಸಿ ಎಂದ. ಆಕಾಶದಲ್ಲಿ ಏನಿದೆ ಎಂದು ಅತ್ತೆ ಕೇಳಿದರು. ಏನಿಲ್ಲ, ಸುಮ್ಮನೆ ಸ್ಟೈಲು ಎಂದ. ಹಾಗಾದರೆ ಎಳನೀರು ತೋರಿಸಿ ಎಂದರು ಅತ್ತೆ. ಆ ವಿಡಿಯೋದಲ್ಲಿ ನಾವೆಲ್ಲ ಬೆರಳೆತ್ತಿ ಎಳನೀರು ಗೊನೆ ತೋರಿಸುತ್ತಿರುವುದು ಆ ಕಾರಣದಿಂದ.

ಇನ್ನೇನು ಶುರುವಾಗಬೇಕು, ಅತ್ತೆ ತಡೆದರು. ಕ್ಯಾಮೆರಾಗೆ ಪೂಜೆ ಆಗಿಲ್ಲ! ನೇಗಿಲಿಗೆ ಪೂಜೆ ಮಾಡುತ್ತೇವೆ, ಸೈಕಲ್ಲಿಗೆ ಮಾಡುತ್ತೇವೆ, ಇದಕ್ಕೆ ಮಾಡದಿದ್ದರೆ ಹೇಗೆ? ವಿಡಿಯೋದವನು ಊದಿನಕಡ್ಡಿಗೆ ಬೆಂಕಿಪೊಟ್ಟಣ ಹುಡುಕುವಷ್ಟರಲ್ಲಿ ಅತ್ತೆ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದು ಕ್ಯಾಮೆರಾದ ಹಣೆ ಯಾವುದೆಂದು ನೋಡಿದರು. ಎದುರಿಗೆ ದುಂಡಗೆ ಹೊಳೆಯುತ್ತಿದ್ದದ್ದು ಒಂದೇ ಜಾಗ. ಅಲ್ಲಿಗೇ ಒದ್ದೆ ಬೆರಳಲ್ಲಿ ಅಗಲವಾಗಿ ಇಟ್ಟುಬಿಟ್ಟರು! ಹುಡುಗ ಅಳುಮುಖ ಮಾಡಿಕೊಂಡು ಒರೆಸಿದಷ್ಟೂ ಅದು ಹರಡಿತು. ನಮ್ಮ ವಿಡಿಯೋದ ಮೊದಲ ದೃಶ್ಯದಲ್ಲಿ ಇಡೀ ತೋಟ ಕೆಂಪಗಿದೆ, ಆಕಾಶ ಕೆಂಪಗಿದೆ, ಹಸು ಕೂಡ ಕೆಂಪಗಿದೆ. ಅದನ್ನು ನೋಡಿದವರೆಲ್ಲ ಎಂಥ ಕಲರ್ ಕೊಟ್ಟಿದ್ದಾನಪ್ಪ ಎಂದು ಹೊಗಳಿ, ತಮ್ಮ ಮನೆಯ ಮದುವೆಗೂ ಅಂಥ ಕಲರೇ ಬೇಕೆಂದು ಅವನ ಪ್ರಾಣ ತಿಂದರು.

ಕಪ್ಪು ಕನ್ನಡಕದ ವಿಚಾರ ಹೇಳಬೇಕಲ್ಲ. ಫೋಕಸ್ ಲೈಟಿಗೆ ಅತ್ತೆಯ ಕಣ್ಣಲ್ಲಿ ಧಾರಾಕಾರ ನೀರು. ವಿಡಿಯೋದವನು ತನ್ನ ಕನ್ನಡಕ ತೆಗೆದುಕೊಟ್ಟ. ಮೂಗುಬೊಟ್ಟು, ತಲೆಯ ಮೇಲೆ ಸೆರಗು, ಕಾಸಗಲ ಕುಂಕುಮ, ಅದರ ಕೆಳಗೆ ಕಪ್ಪು ಕನ್ನಡಕ. ಅತ್ತೆ ಕನ್ನಡಿ ತರಿಸಿ ನೋಡಿಕೊಂಡರು. ಆಮೇಲೆ ಲೈಟು ಆರಿಸಿದರೂ ಅದನ್ನು ತೆಗೆಯಲಿಲ್ಲ. ಎರಡನೆಯ ದಿನ ಕುಣಿಗಲ್ಲಿನ ಕೆರೆ ಏರಿಯ ಮೇಲೆ ಅದೇ ವೇಷದಲ್ಲಿ ನಿಂತಾಗ ಬಸ್ಸೊಂದು ನಿಂತೇಬಿಟ್ಟಿತು. ಯಾವ ಪಿಚ್ಚರಮ್ಮಾ, ಹೀರೋಯಿನ್ ಯಾರು ಎಂದು ಡ್ರೈವರು ಕೇಳಿದ. ಅತ್ತೆ ಕನ್ನಡಕವನ್ನು ಒಂಚೂರು ಕೆಳಗಿಳಿಸಿ, ನೋಡ್ತಾ ಇದೀಯಲ್ಲಪ್ಪ ಎಂದರು.

ಇಷ್ಟೆಲ್ಲ ನಗುನಗುತ್ತಾ ನಡೆಯಿತು. ಜಗಳ ಆಗಿದ್ದು ಹಾಡು ರೆಕಾರ್ಡು ಮಾಡುವಾಗ. ಗುಬ್ಬಿಯ ಮನೆಯ ನಡುಮನೆಯಲ್ಲಿ ಬಾಗಿಲು ಕಿಟಕಿ ಮುಚ್ಚಿ, ಹಸುಗಳನ್ನು ದೂರ ಕಟ್ಟಿ, ಮೈಕಿಟ್ಟರು. ಅತ್ತೆ ಶುರುಮಾಡಿದರು.

ತೆಂಗಿನ ತ್ವಾಟದಾಗೆ ತಂಗಾಳಿ ಬೀಸುತಾವೆ
ತಂಗ್ಯಮ್ಮ ಬಾರೆ ಹಸೆಗೆ

ಹಾಡಿ ನಿಲ್ಲಿಸಿದರು. ಡ್ರಮ್ಮು ಹೊಡೆದುಕೊಳ್ಳುತ್ತಲೇ ಇದೆ, ಅತ್ತೆ ಬಾಯಿ ಮುಚ್ಚಿಕೊಂಡು ನಿಂತಿದ್ದಾರೆ. ಕೀಬೋರ್ಡಿನವನು ಮರೆತಿರಬೇಕು ಎಂದುಕೊಂಡು ಆ ಖಾಲಿ ಜಾಗದಲ್ಲಿ ಏನೋ ಒಂದು ಟ್ಯೂನು ನುಡಿಸಿದ. ಅತ್ತೆ ಹೋಗಿ ಕೀಬೋರ್ಡಿನ ಮೇಲೆ ಅಂಗೈ ಊರಿದರು. ಹಾಗಾದರೆ ಹುಡುಗಿಯರು ಕೋರಸ್ ಹಾಡಲಿ ಎಂದ ವಿಡಿಯೋದವನು. ನಾವು ಹಾಡಲು ಸಿದ್ಧರಾದೆವು. ಬೇಡ ಎಂದರು. ಜಾಗ ಬಿಡದೆ ಒಂದೇ ಸಮನೆ ಹಾಡಿಬಿಡಿ ಎಂದ. ಅದೂ ಬೇಡ. ಕ್ಯಾಸೆಟ್ಟಿನ ತುಂಬ ಅಲ್ಲಲ್ಲಿ ಖಾಲಿ ಬಿಟ್ಟರೆ ಜನ ನನ್ನನ್ನು ಹೊಡೆಯುತ್ತಾರೆ ಎಂದು ಹುಡುಗ ಕೈಮುಗಿದ.

"ಆ ಜಾಗ ಒಬ್ಬಳದು ಕಣಪ್ಪ" ಎಂದರು ಅತ್ತೆ. "ಅವತ್ತು ಅವಳ ಸೊಲ್ಲು ಬೀದಿಗೆ ಕೇಳಲಿಲ್ಲ. ಇದ್ರಲ್ಲಾದ್ರೂ ಅವಳ ಜಾಗ ಅವಳಿಗೇ ಇರ್ಲಿ, ಬುಡು."

ಬಾಗಿಲ ಹತ್ತಿರ ನಿಂತಿದ್ದ ಮಾವ ತಲೆ ತಗ್ಗಿಸಿಕೊಂಡು ಹೊರಗೆ ಹೋದರು. ವಿಡಿಯೋದವನಿಗೆ ಏನೂ ಅರ್ಥವಾಗಲಿಲ್ಲ, ನನಗೆ ಪೂರ್ತಿ ಅರ್ಥವಾಯಿತು. ಬಸ್ಸು ಹತ್ತಲಾರದವರು ಕ್ಯಾಸೆಟ್ಟು ಕಳಿಸಲು ಹೊರಟಿದ್ದರು. ಕೊನೆಗೆ ಹುಡುಗ ಸೋತ. ಪ್ರತಿ ಸಾಲಾದ ಮೇಲೂ ಬರೀ ತಾಳ ಉಳಿಯಿತು. ತೆರೆಯ ಮೇಲೆ ಆಗ ಅತ್ತೆಯ ಮುಖ ಮಾತ್ರ. ಕಪ್ಪು ಕನ್ನಡಕ ಹಾಕಿಕೊಂಡು, ಕಿವಿಯ ಹಿಂದೆ ಅಂಗೈ ಆನಿಸಿ, ನಮ್ಮ ಕಡೆಗೇ ನೋಡುತ್ತಾ ಕಾಯುತ್ತಾರೆ.

ಕ್ಯಾಸೆಟ್ಟಿನ ಪ್ರತಿಗಳು ತುಮಕೂರಿನ ವಿಡಿಯೋ ಲೈಬ್ರರಿಗೆ ಹೋದವು. ಹೋದ ಹಾಗೇ ವಾಪಸು ಬಂದವು. ಒಬ್ಬರು ಕ್ಯಾಸೆಟ್ಟು ಕೆಟ್ಟಿದೆ ಎಂದರು. ಇನ್ನೊಬ್ಬರು ತಮ್ಮ ಟೀವಿಯ ತಲೆಗೆ ತಟ್ಟಿ ತಟ್ಟಿ, ಕೈ ಊದಿಸಿಕೊಂಡು ಬಂದರು. ಅಂಗಡಿಯವನು ವಿ.ಸಿ.ಆರಿನ ಹೆಡ್ಡನ್ನು ಉಜ್ಜಿ ಉಜ್ಜಿ ಸವೆಸಿದ. ಎಷ್ಟು ಉಜ್ಜಿದರೂ ಆ ಅಮ್ಮ ಹಾಡು ನಿಲ್ಲಿಸಿ ನನ್ನನ್ನೇ ದುರುಗುಟ್ಟಿ ನೋಡುತ್ತಾರೆ ಎಂದು ದೂರು. ವಿಡಿಯೋದವನು ಗುಬ್ಬಿಗೆ ಬರುವುದನ್ನೇ ಬಿಟ್ಟ.

ಆ ಕ್ಯಾಸೆಟ್ಟನ್ನು ಉಳಿಸಿದ್ದು ಹೆಬ್ಬೂರು. ಅಲ್ಲಿ ನಮ್ಮ ದೂರದ ನೆಂಟರ ಮನೆಯಲ್ಲಿ ಒಂದು ಮಧ್ಯಾಹ್ನ ಹೆಂಗಸರೆಲ್ಲ ಅವರೆಕಾಯಿ ಸುಲಿಯುತ್ತಾ ಟೀವಿ ಮುಂದೆ ಕುಳಿತಿದ್ದರು. ಸಿನಿಮಾ ಮುಗಿದ ಮೇಲೆ ಯಾರೋ ಇದನ್ನು ಹಾಕಿದರು. ಅತ್ತೆ ಒಂದು ಸಾಲು ಹಾಡಿ ಕಿವಿಗೆ ಕೈ ಇಟ್ಟರು. ಕೈಯಲ್ಲಿ ಕಾಯಿ, ಕಣ್ಣು ಮೊರದ ಮೇಲೆ, ಒಬ್ಬ ಹೆಂಗಸು ಅಭ್ಯಾಸಬಲದಿಂದ ಸೊಲ್ಲು ಹಿಡಿದಳು. ಆ ಜಾಗಕ್ಕೆ ಅದು ಅಚ್ಚುಕಟ್ಟಾಗಿ ಕೂತಿತು! ಎರಡನೆಯ ಸಾಲಿಗೆ ಎಲ್ಲರೂ ಹಿಡಿದರು. ಮೂರನೆಯದಕ್ಕೆ ಅವರೆಕಾಯಿ ಬದಿಗೆ ಹೋಯಿತು. ಜಗಲಿಯ ಮೇಲಿದ್ದ ಗಂಡಸರು, ಟೀವಿ ಜೊತೆ ಮಾತಾಡುವಷ್ಟು ಇವರ ತಲೆ ಕೆಟ್ಟಿತೇ ಎಂದು ಬಗ್ಗಿ ನೋಡಿದರಂತೆ.

ಅಲ್ಲಿಂದ ಮುಂದೆ ಆ ಕ್ಯಾಸೆಟ್ಟು ಅಂಗಡಿಗೆ ವಾಪಸೇ ಬರಲಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೆಪ್ಪಿನ ಮಜ್ಜಿಗೆ ಹೋದ ಹಾಗೆ ಹೋಯಿತು. ನಾಚಿಕೆಯಾಗುತ್ತದೆಂದು ಸೋಬಾನೆಗೆ ಬಾಯಿಬಿಡದಿದ್ದ ನನ್ನ ಓರಗೆಯ ಹುಡುಗಿಯರು ಟೀವಿಯ ಮುಂದೆ ನಾಚದೆ ಕಲಿತರು. ಟೀವಿಗೆ ತಪ್ಪು ಗೊತ್ತಾಗುವುದಿಲ್ಲವಲ್ಲ! ಕಲಿತ ಮೇಲೆ ಅಜ್ಜಿಯರ ಬೆನ್ನು ಬಿದ್ದು ಇನ್ನೊಂದು ಪದ, ಮತ್ತೊಂದು ಪದ ಎಂದು ಪೀಡಿಸಿದರು. ತುಮಕೂರಿನ ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಸೋಬಾನೆ ಡಿಸ್ಕೋ ನಡೆಯಿತು. ಅದರಲ್ಲಿಯೂ ನಾನು ಎಡಕ್ಕೇ ತಿರುಗಿದೆ. ಗುಬ್ಬಿಯ ದರ್ಜಿಗಳು ವಿಡಿಯೋ ಲಂಗ ಎಂದೇ ಹಸಿರು ಲಂಗ ಹೊಲಿದರು. ಆರ್ಕೆಸ್ಟ್ರಾ ಹುಡುಗರು ಸೋಬಾನೆ ಹಾಡದಿದ್ದರೆ ಮದುವೆಮನೆಯವರು ಮುಖ ಸಿಂಡರಿಸುವಂತಾಯಿತು. ವಿಡಿಯೋದವರೂ ಎಚ್ಚೆತ್ತು, ಹೆಂಗಸರು ಹಾಡುವ ಕಡೆ ಮಾತ್ರ ಅಸಲಿ ಶಬ್ದ ಉಳಿಸಲು ಶುರುಮಾಡಿದರು. ಇದೆಲ್ಲ ಮಾಡಿದ್ದು ನಮ್ಮತ್ತೆ, ನನ್ನ ಅಪ್ಪನ ಅಕ್ಕ, ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ನಾನು ಎದೆಯುಬ್ಬಿಸಿಕೊಂಡೇ ಓಡಾಡಿದೆ.

ಬೈದವರೂ ಇದ್ದರು. ಶಾಸ್ತ್ರದ ಪದಕ್ಕೆ ಡ್ರಮ್ಮು ಬಡಿಸಿ ಸೋಬಾನೆಯನ್ನು ಕೆಡಿಸಿದಳು ಎಂದರು ಕೆಲವು ಹಿರಿಯರು. ಅತ್ತೆ ವಾದ ಮಾಡಲಿಲ್ಲ. ಬೈದವರ ಮನೆಯ ಮದುವೆಗೆ ಹೋಗಿ ಹಾಡಿದರು, ಬೈದವರ ಸೊಸೆಯರೇ ಸೊಲ್ಲು ಹಿಡಿದರು.

ಹೀಗೆ ಊರೆಲ್ಲ ಸೊಲ್ಲು ಹಿಡಿಯಿತು. ಆದರೆ ಅತ್ತೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಯಡಿಯೂರಿನ ಕಡೆಯಿಂದ ಯಾರೇ ಬರಲಿ, ಕಾಫಿ ಕೊಡುವ ಮೊದಲು ಕೇಳುವರು. "ಅವ್ಳು ನೋಡಿದ್ಲಂತಾ?"

ಗೊತ್ತಿಲ್ಲ ಎನ್ನುವರು ಬಂದವರು. ಆ ಮನೆಗೆ ಕ್ಯಾಸೆಟ್ಟು ಹೋಗಿದೆ, ಮಕ್ಕಳು ನೋಡಿದ್ದಾರೆ, ಚಿಕ್ಕತ್ತೆ ಮಾತ್ರ ಹಾಡು ಬರುವಾಗ ಎದ್ದು ಒಳಗೆ ಹೋಗುತ್ತಾರೆ ಎಂದು ಒಬ್ಬರು ಬಾಯಿಬಿಟ್ಟರು. ಅತ್ತೆ ಅವರ ಕಾಫಿಗೆ ಸಕ್ಕರೆ ಹಾಕುವುದನ್ನೇ ಮರೆತರು.

ಆ ವರ್ಷವೇ ಚಿಕ್ಕತ್ತೆಯ ಮಗಳ ನಿಶ್ಚಿತಾರ್ಥ ಗೊತ್ತಾಯಿತು. ಕರೆಯಲು ಚಿಕ್ಕ ಮಾವ ಒಬ್ಬರೇ ಬಂದಿದ್ದರು. ಕರೆಯಲು ಅವಳು ಬಂದಿಲ್ಲವಲ್ಲ, ನಾನು ಹೇಗೆ ಹೋಗಲಿ ಎಂದರು ಅತ್ತೆ. ಆಗ ನಡೆದದ್ದನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯ. ಮಾವ ಮಾತಾಡಿದರು! "ನೀನು ಕ್ಯಾಸೆಟ್ಟಲ್ಲಿ ಅವಳನ್ನ ಹಸೆಗೆ ಕರೆದು ಎಷ್ಟು ದಿನ ಆಯ್ತು, ನೀನೇ ಹೋಗದೆ ಅವಳು ಹೆಂಗೆ ಬತ್ತಾಳೆ" ಎಂದರು. ಅತ್ತೆ ಅವರ ಮುಖವನ್ನು ನೋಡಿ, ಪೆಟ್ಟಿಗೆಯಿಂದ ಸೀರೆ ತೆಗೆದರು.

ಗುಬ್ಬಿಯಿಂದ ತುಮಕೂರು, ಅಲ್ಲಿಂದ ಕುಣಿಗಲ್, ಅಲ್ಲಿಂದ ಯಡಿಯೂರು. ಮೂರು ಬಸ್ಸು ಹತ್ತಿ ಇಳಿದೆವು, ಅತ್ತೆ ಒಂದು ಸಾಲೂ ಹಾಡಲಿಲ್ಲ. ಮನೆಯ ಬಾಗಿಲಲ್ಲಿ ಚಿಕ್ಕತ್ತೆ ಕಾಲಿಗೆ ನೀರು ಕೊಟ್ಟರು. ಎಲ್ಲರಿಗೂ ಬನ್ನಿ ಎಂದರು, ಅತ್ತೆಗೆ ಚೊಂಬು ಮಾತ್ರ ಕೊಟ್ಟರು. ಅತ್ತೆ ಹೋಗಿ ಗೋಡೆಯ ಪಕ್ಕ ಕುಳಿತವರು ಊಟಕ್ಕೆ ಬಿಟ್ಟರೆ ಏಳಲಿಲ್ಲ.

ಊಟವಾದ ಮೇಲೆ ಗಂಡಿನ ಕಡೆಯ ಹುಡುಗಿಯರು ಅತ್ತೆಯ ಗುರುತು ಹಿಡಿದುಬಿಟ್ಟರು. ಇವರೇ ವಿಡಿಯೋದವರು, ಕನ್ನಡಕ ಎಲ್ಲಿ ಎಂದು ಗುಜುಗುಜು. ಆ ಮನೆಯ ಹಳೆಯ ಮುನಿಸು ಅವರಿಗೇನು ಗೊತ್ತು? ಬಾಡಿಗೆಗೆ ತಂದಿದ್ದ ವಿ.ಸಿ.ಆರಿಗೆ ಅದೇ ಕ್ಯಾಸೆಟ್ಟು ಹಾಕಿದರು. ಚಿಕ್ಕತ್ತೆ ತಕ್ಷಣ ಎದ್ದು ಅಡುಗೆಮನೆಗೆ ಹೋದರು. ಒಳಗೆ ಪಾತ್ರೆ ಉಜ್ಜುವ ಸದ್ದು ಜೋರಾಗಿ ಶುರುವಾಯಿತು.

ಟೀವಿಯಲ್ಲಿ ಕೆಂಪು ತೋಟ ಬಂತು, ಎಳನೀರು ತೋರಿಸುವ ನಾವು ಬಂದೆವು, ಅತ್ತೆ ಬಂದರು. ಸಾಲು ಮುಗಿದು ಅತ್ತೆ ಕಿವಿಗೆ ಕೈ ಇಟ್ಟಾಗ ಹುಡುಗಿಯರೆಲ್ಲ ಸೊಲ್ಲು ಹಿಡಿದರು. ಆಗ ನಾನು ಒಂದು ಸಂಗತಿ ಗಮನಿಸಿದೆ. ಸಾಲು ಹಾಡುವಾಗ ಅಡುಗೆಮನೆಯಲ್ಲಿ ಪಾತ್ರೆ ಸದ್ದು, ಸೊಲ್ಲಿನ ಜಾಗ ಬಂದರೆ ಸದ್ದಿಲ್ಲ. ಮತ್ತೆ ಸಾಲು, ಮತ್ತೆ ಸದ್ದು. ಮತ್ತೆ ಸೊಲ್ಲಿನ ಜಾಗ, ಕೈ ನಿಂತಿತು. ಅತ್ತೆಯ ಕಡೆ ತಿರುಗಿದೆ. ಅವರು ಟೀವಿ ನೋಡುತ್ತಲೇ ಇರಲಿಲ್ಲ, ಅಡುಗೆಮನೆಯ ಬಾಗಿಲನ್ನು ನೋಡುತ್ತಿದ್ದರು.

ತಂಗ್ಯಮ್ಮ ಬಾರೆ ಹಸೆಗೆ ಎಂದು ಟೀವಿಯ ಅತ್ತೆ ಇನ್ನೊಂದು ಸಲ ಕರೆದರು. ಕರೆಂಟು ಹೋಯಿತು.

ಹುಡುಗಿಯರು ಅಯ್ಯೋ ಎಂದು ಸುಮ್ಮನಾದರು. ಅಡುಗೆಮನೆಯಲ್ಲಿಯೂ ಸದ್ದಿಲ್ಲ. ಡ್ರಮ್ಮಿಲ್ಲ, ತಾಳ ಇಲ್ಲ, ಸೊಲ್ಲಿನ ಜಾಗ ಒಂದೇ ಖಾಲಿ ಉಳಿದಿತ್ತು. ಆಗ ಒಳಗಿಂದ ಆ ಸಣ್ಣ ದನಿ ಬಂತು. ಅದು ಸೊಲ್ಲು ಹಿಡಿಯಲಿಲ್ಲ. ಮೊದಲಿಂದ ಪದ ಎತ್ತಿಕೊಟ್ಟಿತು.

ತೆಂಗಿನ ತ್ವಾಟದಾಗೆ ತಂಗಾಳಿ ಬೀಸುತಾವೆ
ಅಕ್ಕಯ್ಯ ಬಾರೆ ಹಸೆಗೆ

ಹುಡುಗಿಯರು ಅಭ್ಯಾಸದಂತೆ ಬಾಯಿ ತೆರೆದರು. ಅತ್ತೆ ಕೈ ಎತ್ತಿ ತಡೆದರು. ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡು, ಗಂಟಲು ಸರಿಮಾಡಿಕೊಂಡರು. ಅಷ್ಟು ಗಟ್ಟಿ ಗಂಟಲು ಅವತ್ತು ಮೊದಲನೆಯ ಅಕ್ಷರದಲ್ಲೇ ಒಡೆಯಿತು. ತಾಳ ತಪ್ಪಿತು, ಅರ್ಧ ಸಾಲು ತಡವಾಯಿತು. ಆದರೂ ಅಕ್ಕಯ್ಯ ಬಾರೆ ಹಸೆಗೆ ಎನ್ನುವವರೆಗೆ ಬಿಡದೆ ಹೇಳಿದರು. ಹುಟ್ಟಿದಾಗಿಂದ ಸೊಲ್ಲು ಹಿಡಿಯದಿದ್ದ ನಮ್ಮತ್ತೆ ಸೊಲ್ಲು ಹಿಡಿದರು.

ಒಳಗಿಂದ ಎರಡನೆಯ ಸಾಲು ಬಂತು. ಅತ್ತೆ ಅದನ್ನೂ ಹಿಡಿದು, ಹಾಡುತ್ತಲೇ ಎದ್ದು ಅಡುಗೆಮನೆಯ ಒಳಗೆ ಹೋದರು. ಮುಂದಿನ ಸಾಲುಗಳು ಅಲ್ಲಿಂದಲೇ ಕೇಳಿದವು, ಒಂದು ಸಣ್ಣ ದನಿ, ಹಿಂದೆ ಒಂದು ದೊಡ್ಡ ದನಿ. ಯಾವಾಗಲೋ ಕರೆಂಟು ಬಂದಿತ್ತು. ಟೀವಿಯಲ್ಲಿ ಬರೀ ಚುಕ್ಕಿಗಳು ಕುಣಿಯುತ್ತಿದ್ದವು. ಅದನ್ನು ಆರಿಸಲು ಯಾರೂ ಏಳಲಿಲ್ಲ.